ತುಕ್ಕು ತಿನ್ನದ ತೂತು

ಸೈಲೆನ್ಸರ್ ಬದಲಾಯಿಸದೆ ಗಾಡಿ ರಸ್ತೆಗಿಳಿಯುವಂತಿಲ್ಲ ಎಂದು ತಪಾಸಣೆಯವರು ಚೀಟಿ ಬರೆದುಕೊಟ್ಟ ದಿನದಿಂದ ಅವನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ಅಂಗಡಿಗೆ ಒಬ್ಬನೇ ಹೋಗಿ ಬರುವುದು ಹೇಗೆ. ಹೊಸದು ಯಾವುದು ಹಾಕಿಸಬೇಕು, ಎಷ್ಟು ದಿನ ಬಾಳಿಕೆ ಬರುತ್ತದೆ ಎಂಬುದೆಲ್ಲ ಆಮೇಲಿನ ಮಾತು. ಹಳೆಯದು ಬಿಚ್ಚಿದ ಕೂಡಲೇ ಯಾರ ಕಣ್ಣಿಗೂ ಬೀಳದೆ ಗುಜರಿಯ ರಾಶಿಯೊಳಗೆ ಮಾಯವಾಗಬೇಕು, ಅಷ್ಟೆ. ತಾನೇ ಬಿಚ್ಚಿ ಎಸೆದರಾಯಿತು ಎಂದು ಒಂದು ಸಂಜೆ ಪಾನಾ ಹಿಡಿದು ಗಾಡಿಯ ಕೆಳಗೆ ತೂರಿದ್ದ; ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇವತ್ತು ರಜೆ. ಹೆಂಡತಿ ಬಚ್ಚಲಿಗೆ ಹೋದದ್ದು ನೋಡಿಕೊಂಡು, ಕೀಲಿಯನ್ನು ಸದ್ದಾಗದಂತೆ ಮುಷ್ಟಿಯೊಳಗೆ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಾಗ, ಬೆನ್ನ ಹಿಂದೆ ಊರುಗೋಲಿನ ರಬ್ಬರು ತುದಿ ನೆಲಕ್ಕೆ ಒತ್ತಿದ್ದು ಕೇಳಿಸಿತು. ಬೇರೆಯವರಿಗಾದರೆ ಕೇಳಿಸುವಂಥ ಸದ್ದಲ್ಲ ಅದು.

“ಸೈಲೆನ್ಸರ್ ಅಂಗಡಿಗಾ? ನಾನೂ ಬರ್ತೀನಿ ರೀ.”

“ನೀನ್ಯಾಕೆ ಸುಮ್ನೆ? ಅಲ್ಲಿ ಕೂತ್ಕೊಳ್ಳೋಕೂ ಜಾಗ ಇರಲ್ಲ. ಹೊಗೆ, ಎಣ್ಣೆ, ಗದ್ದಲ.”

“ಇರ್ಲಿ ಬಿಡಿ. ಲೈಬ್ರರೀಲಿ ಕೂತು ಕೂತು ಕಿವಿ ಜಡ್ಡುಗಟ್ಟಿದೆ. ಸ್ವಲ್ಪ ಗದ್ದಲ ಕೇಳ್ತೀನಿ.”

ಎರಡು ವರ್ಷದಿಂದ ಆ ಗಾಡಿಯ ಹತ್ತಿರವೂ ಸುಳಿಯದವಳು ಅವಳು. ಆಸ್ಪತ್ರೆಗೆ, ಶಾಲೆಗೆ, ತವರಿಗೆ, ಎಲ್ಲಿಗಾದರೂ ಆಟೋದಲ್ಲೇ ಹೋಗಿ ಬರುವವಳು, ಇವತ್ತೇ, ಈ ಕೆಲಸಕ್ಕೇ ಹೊರಟು ನಿಂತಿದ್ದಾಳೆ. ಅವನು ಬೇಡ ಎನ್ನಲು ಕಾರಣ ಹುಡುಕಿದ. ಸಿಕ್ಕಿದ ಒಂದೊಂದು ಕಾರಣವೂ ಬಾಯಿಗೆ ಬರುವ ಮೊದಲೇ ಕಳ್ಳನ ಮಾತಿನ ಹಾಗೆ ಕಂಡಿತು. ಗಾಡಿ ಎತ್ತರದ್ದು. ಹತ್ತಿಸಲು ಕೈ ಚಾಚಿದರೆ ಅವಳು “ಬೇಡ” ಎಂದಳು. ಬಾಗಿಲಿನ ಹಿಡಿ ಹಿಡಿದು, ಬಲಗಾಲು ಮೊದಲಿಟ್ಟು, ಮಡಚಲು ಬಾರದ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಅವನು ಕನ್ನಡಿ ಒರೆಸಿದ.

ಅವನು ನೀರು ಸರಬರಾಜು ಇಲಾಖೆಯವನು, ಸೋರಿಕೆ ಹುಡುಕುವುದು ಅವನ ಕೆಲಸ. ಜಲಾಶಯದಿಂದ ಊರಿಗೆ ಬರುವ ದೊಡ್ಡ ಪೈಪಿನ ಜೊತೆಜೊತೆಗೇ ಕಲ್ಲು, ಹಳ್ಳ, ಕೆಸರು ಎನ್ನದೆ ಓಡಾಡಬೇಕು. ಅದಕ್ಕೇ ನಾಲ್ಕೂ ಚಕ್ರ ಎಳೆಯುವ ಈ ಗಾಡಿ. ಅಲ್ಲಲ್ಲಿ ಇಂಜಿನ್ ಆರಿಸಿ ಇಳಿದು, ಕಬ್ಬಿಣದ ಸರಳಿನ ಒಂದು ತುದಿಯನ್ನು ನೆಲಕ್ಕೆ ಊರಿ, ಇನ್ನೊಂದು ತುದಿಯ ಮರದ ಬಿಲ್ಲೆಗೆ ಕಿವಿ ಹಚ್ಚಿ, ಉಸಿರು ಬಿಗಿಹಿಡಿದು ಆಲಿಸಬೇಕು. ನಾಲ್ಕಡಿ ಮಣ್ಣಿನ ಕೆಳಗೆ ಸೂಜಿಮೊನೆಯಷ್ಟು ಸೀಳಿದ್ದರೂ ನೀರು ಪಿಸುಗುಟ್ಟುತ್ತದೆ. ಈಗ ಅದಕ್ಕೂ ಯಂತ್ರ ಬಂದಿದೆ. ಯಂತ್ರ ಇಲ್ಲಿ ಎಂದರೆ ಅವನು ಮೂರು ಹೆಜ್ಜೆ ಆಚೆ ಹೋಗಿ ಇಲ್ಲಿ ಎನ್ನುತ್ತಾನೆ. ಅಗೆದರೆ ನೀರು ಅವನು ಹೇಳಿದಲ್ಲೇ ಇರುತ್ತದೆ. ಆಫೀಸಿನವರು ಕಿವಿಯಪ್ಪ ಎಂದು ಹೆಸರಿಟ್ಟು ಮುಖದ ಮುಂದೆಯೇ ಕರೆಯುತ್ತಾರೆ. ವರ್ಷಕ್ಕೊಮ್ಮೆ ಇಲಾಖೆಯ ಡಾಕ್ಟರು ಪರೀಕ್ಷೆ ಮಾಡಿ, “ನಿಮ್ಮ ವಯಸ್ಸಿಗೆ ಇಂಥ ಕಿವಿ ನಾನು ನೋಡಿಲ್ಲ ಕಣ್ರೀ” ಎಂದಾಗ ಮೊದಲೆಲ್ಲ ಹಿಗ್ಗುತ್ತಿದ್ದ. ಎರಡು ವರ್ಷದಿಂದ ಆ ಮಾತು ಕೇಳಿದರೆ ಕುತ್ತಿಗೆ ಬೆವರುತ್ತದೆ. ಡಾಕ್ಟರು ಬರೆದುಕೊಡುವ ಕಾಗದವನ್ನು ಮನೆಗೆ ತರದೆ ಡ್ರಾಯರಿನ ತಳಕ್ಕೆ ತುರುಕಿ ಬರುತ್ತಾನೆ.

ಕೀಲಿ ತಿರುಗಿಸಿದ ಕೂಡಲೇ ಗಾಡಿ ಗುಡುಗಿತು. ಎದುರುಮನೆಯ ಕಿಟಕಿ ಮುಚ್ಚಿಕೊಂಡಿತು, ಅದು ಅಭ್ಯಾಸವಾಗಿಹೋಗಿದೆ. ಈ ಗುಡುಗು ಬಿಟ್ಟರೆ ಅವನ ಕಡೆಯ ಸಾಕ್ಷಿ ಹೇಳುವವರು ಬೇರೆ ಯಾರೂ ಇಲ್ಲ. ಆಸ್ಪತ್ರೆಯಲ್ಲಿ, ಮಂಡಿಯಿಂದ ಪಾದದವರೆಗೆ ಬಿಳಿ ಕಟ್ಟು ಕಟ್ಟಿಸಿಕೊಂಡು ಮಲಗಿದ್ದವಳು ಕಣ್ಣು ಬಿಟ್ಟು ಮೊದಲು ಕೇಳಿದ್ದು ನೀರಲ್ಲ. “ಕೇಳಿಸ್ಲಿಲ್ವಾ?” ಎಂದಳು. ಮಂಚದ ಆಚೆ ಬದಿಗೆ ಅವಳ ಅಣ್ಣ ನಿಂತಿದ್ದ. ಇವನು “ಸೈಲೆನ್ಸರ್ ಒಡೆದುಹೋಗಿತ್ತು ಕಣೇ. ಆ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ” ಎಂದ. ಎಲ್ಲಿಂದ ಬಂತೋ ಆ ಮಾತು. ತಾನೇ ಕೇಳಿ ತಾನೇ ಬೆರಗಾದ. ಅವಳು ಇನ್ನೇನೂ ಕೇಳದೆ ಕಣ್ಣು ಮುಚ್ಚಿಕೊಂಡಳು. ಮಾರನೆಯ ಬೆಳಿಗ್ಗೆ ಮನೆಗೆ ಬಂದವನು ಷೆಡ್ಡಿನ ಬಾಗಿಲು ಹಾಕಿಕೊಂಡು, ಉಳಿ ಸುತ್ತಿಗೆ ಹಿಡಿದು ಗಾಡಿಯ ಕೆಳಗೆ ಅಂಗಾತ ಮಲಗಿದ. ಚೆನ್ನಾಗಿಯೇ ಇದ್ದ ಸೈಲೆನ್ಸರಿನ ಹೊಟ್ಟೆಗೆ ಉಳಿ ಇಟ್ಟು ಹೊಡೆದ. ಮೊದಲ ಏಟು ಜಾರಿತು. ಎರಡನೆಯದಕ್ಕೆ ತೂತಾಯಿತು, ಸಾಲದು ಎನಿಸಿ ಇನ್ನೂ ಎರಡೇಟು ಹಾಕಿ ಹಿರಿದು ಮಾಡಿದ. ಬಟ್ಟೆ ತೆಗೆದುಕೊಂಡು ಹೋಗಲು ಮಧ್ಯಾಹ್ನ ಬಂದ ಭಾವಮೈದ ಅದರ ಗರ್ಜನೆ ಕೇಳಿ, “ಇದನ್ನ ಮೊದಲೇ ರಿಪೇರಿ ಮಾಡ್ಸಬಾರದಿತ್ತಾ ಭಾವ?” ಎಂದು ತಲೆ ಅಲ್ಲಾಡಿಸಿದ. ಆ ತಲೆ ಅಲ್ಲಾಡಿದ್ದೇ ತೀರ್ಪು. ಇವನಿಗೆ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು, ಆಮೇಲೆ ಅಭ್ಯಾಸವಾಯಿತು.

ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಸ್ಕೂಟರಿನವನು ಗಾಡಿಯನ್ನೂ ಇವನನ್ನೂ ನೋಡಿ ಮುಖ ಸಿಂಡರಿಸಿದ. ಹೆಂಡತಿ ಏನೋ ಹೇಳಿದಳು. “ಏನು?” ಎಂದು ಕೂಗಿದ. ಹಸಿರು ದೀಪ ಬಂತು ಎಂದು ಬೆರಳಿನಿಂದ ತೋರಿಸಿದಳು.

ಆವತ್ತಿನ ಜಗಳ ದೊಡ್ಡದೇನೂ ಆಗಿರಲಿಲ್ಲ. ಜಗಳವೇ ಅಲ್ಲ ಅದು. ಷೆಡ್ಡಿನ ಬಾಗಿಲಿನ ಕೀಲು ಸಡಿಲಾಗಿ, ಗಾಳಿ ಬಂದರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಸರಿಮಾಡಿ ಎಂದು ಅವಳು ವಾರದಿಂದ ಹೇಳಿದ್ದಳು. ಬೆಳಿಗ್ಗೆ ಚಹಾ ಕುಡಿಯುವಾಗ ಮತ್ತೆ ಆ ಮಾತು ಬಂತು. ಅಣ್ಣ ಬಂದು ಕೂತಿದ್ದ ಹುರುಪಿನಲ್ಲಿ, “ಇವ್ರಿಗೆ ನೆಲದಡಿ ಪೈಪು ಪಿಸುಗುಟ್ಟಿದ್ರೆ ಕೇಳ್ಸುತ್ತೆ, ನಾನು ಇಡೀ ಮೈದಾನಕ್ಕೆ ಕೇಳೋ ಹಾಗೆ ಕೂಗಿದ್ರೂ ಕೇಳ್ಸಲ್ಲ” ಎಂದಳು. ಭಾವಮೈದ ಚಹಾ ನೆತ್ತಿಗೇರುವಷ್ಟು ನಕ್ಕ. ಇವನೂ ನಕ್ಕ. ನಗುತ್ತಲೇ ಲೋಟ ಇಟ್ಟು, ನಗುತ್ತಲೇ ಭಾವಮೈದನನ್ನು ಬಸ್ಸಿಗೆ ಕಳಿಸಿ, ನಗುತ್ತಲೇ ಷೆಡ್ಡಿಗೆ ಹೋದ, ಒಳಗೆ ಕುದಿಯುತ್ತಿತ್ತು. ಗಾಡಿ ಶುರು ಮಾಡಿ ರಿವರ್ಸ್ ಹಾಕಿದಾಗ, ಮುಚ್ಚಿಕೊಳ್ಳುತ್ತಿದ್ದ ಬಾಗಿಲನ್ನು ಹಿಡಿಯಲು ಅವಳು ಹಿಂದಿನಿಂದ ಓಡಿ ಬಂದಿದ್ದಾಳೆಂದು ಅವನಿಗೆ ತಿಳಿದಿರಲಿಲ್ಲ. ಅದು ನಿಜ. ಅಷ್ಟು ಮಾತ್ರ ನಿಜ. “ನಿಲ್ಸಿ!” ಎಂದದ್ದು ಕೇಳಿಸಿತ್ತು. ಅವಳು ಶಾಲೆಯಲ್ಲಿ ಆಟದ ಟೀಚರ್. ಮೈಕಿಲ್ಲದೆ ಮುನ್ನೂರು ಮಕ್ಕಳನ್ನು ಒಂದೇ ಹೆಜ್ಜೆಯಲ್ಲಿ ನಿಲ್ಲಿಸುವ ಗಂಟಲು. ಕೇಳಿಸದೆ ಇರುತ್ತದೆಯೇ. ಕೇಳಿಸಿದ ಗಳಿಗೆಯಲ್ಲಿ ಅವನು ಅಂದುಕೊಂಡದ್ದು: ಕೂಗು. ಕೇಳ್ಸಲ್ಲ ಅಂದೆಯಲ್ಲ, ಈಗ ಕೂಗು. ಕಾಲು ಆಕ್ಸಿಲರೇಟರಿನ ಮೇಲೆಯೇ ಇತ್ತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಇನ್ನೊಂದು “ನಿಲ್ಸೀ!” ಬಂತು. ಅದಾದ ಮೇಲೆ ಬಂದದ್ದು ಮಾತಾಗಿರಲಿಲ್ಲ. ಬಂಪರಿಗೂ ಕಲ್ಲಿನ ಕಂಬಕ್ಕೂ ನಡುವೆ ಅವಳ ಮಂಡಿ ಸಿಕ್ಕಿಕೊಂಡಿತ್ತು. ಮಂಡಿ ಮತ್ತೆ ಮಡಚಲಿಲ್ಲ. ಶಾಲೆಯವರು ಒಳ್ಳೆಯವರು, ಕೆಲಸ ಬಿಡಿಸಲಿಲ್ಲ. ಅವಳ ಸೀಟಿಯನ್ನು ಇನ್ನೊಬ್ಬರಿಗೆ ಕೊಟ್ಟು, ಅವಳನ್ನು ಲೈಬ್ರರಿಯಲ್ಲಿ, ‘ಮಾತನಾಡಬೇಡಿ’ ಎಂಬ ಹಲಗೆಯ ಕೆಳಗೆ ಕೂರಿಸಿದರು. ಅಲ್ಲಿಂದ ಮನೆಗೆ ಬಂದರೂ ಅವಳ ದನಿ ಹಲಗೆಯ ಕೆಳಗೇ ಇದ್ದಂತಿರುತ್ತದೆ.

ಅಂಗಡಿ ಇದ್ದದ್ದು ಗ್ಯಾರೇಜುಗಳ ಸಾಲಿನ ಕೊನೆಯಲ್ಲಿ. ಗೋಡೆಯ ತುಂಬ ಬಾಗಿದ ಪೈಪುಗಳು, ಮೂಲೆಯಲ್ಲಿ ಬಿಚ್ಚಿ ಬಿಸಾಕಿದ ಹಳೆಯವುಗಳ ರಾಶಿ. ಆ ರಾಶಿ ನೋಡಿ ಅವನಿಗೆ ಕೊಂಚ ಧೈರ್ಯ ಬಂತು. ಅಷ್ಟರಲ್ಲಿ ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಬಂದು, “ಏನಾಗ್ಬೇಕಿತ್ತು ಸಾರ್!” ಎಂದ. ಮೂವತ್ತು ವರ್ಷ ತಗಡು ಬಡಿದು ಬಡಿದು ಅವನ ಕಿವಿ ಮಂದವಾಗಿತ್ತು. ಆದ್ದರಿಂದ ಲೋಕವೇ ಕಿವುಡು ಎಂಬಂತೆ ಕೂಗಿ ಮಾತಾಡುತ್ತಿದ್ದ. ಗುಟ್ಟು ಮುಚ್ಚಿಡಬೇಕಾದವನಿಗೆ ಇಡೀ ಊರಿನಲ್ಲಿ ಇವನೇ ಸಿಗಬೇಕಿತ್ತೆ.

“ಅರೆ, ಟೀಚರ್!” ಎಂದು ಅಂಗಡಿಯವನು ಹೆಂಡತಿಯನ್ನು ಕಂಡು ಮುಖವರಳಿಸಿದ. “ನನ್ನ ಮಗಳಿಗೆ ಓಟ ಕಲ್ಸಿದ್ರಲ್ಲ ನೀವು! ಜಿಲ್ಲೆಗೆ ಫಸ್ಟ್ ಬಂದ್ಲಲ್ಲ! ಈಗ್ಲೂ ಓಡುಸ್ತೀರಾ ಮಕ್ಕಳನ್ನ?” ಕೇಳಿದ ಮೇಲೆ ಊರುಗೋಲು ನೋಡಿ ಬಾಯಿ ಮುಚ್ಚಿಕೊಂಡ. “ಈಗ ಪುಸ್ತಕ ಕೊಡ್ತೀನಿ,” ಎಂದಳು ಅವಳು. ಅಂಗಡಿಯವನು ಹಳೆಯ ಕಾರಿನ ಸೀಟೊಂದನ್ನು ಎಳೆದು, ಮೇಲಿನ ಧೂಳು ಹೊಡೆದು, ಅವಳನ್ನು ಕೂರಿಸಿದ. ಕೂರಿಸಿದ್ದು ಗಾಡಿ ಎತ್ತುವ ಜಾಗದ ನೇರ ಎದುರಿಗೆ.

“ಟೀಚರ್‌ಗೆ ಹೊಗೆ ಬಡಿಯುತ್ತೆ, ಹೊರಗೆ ಕೂತ್ಕೊಳ್ಲಿ,” ಎಂದ ಇವನು.

“ಆಂ?” ಎಂದ ಅಂಗಡಿಯವನು.

“ನಂಗೇನೂ ಆಗಲ್ಲ,” ಎಂದಳು ಅವಳು.

ಅಂಗಡಿಯವನು ಮೂರು ಸೈಲೆನ್ಸರುಗಳನ್ನು ತಂದು ಸಾಲಾಗಿ ಮಲಗಿಸಿದ. ಮದುವೆಗೆ ಸೀರೆ ಹರಡುವವರ ಉತ್ಸಾಹ ಅವನದು. “ಇದು ಕಂಪನಿಯದರ ಥರಾನೇ. ತಣ್ಣಗಿರುತ್ತೆ. ಹಿಂದೆ ಯಾರಾದ್ರೂ ನಿಂತು ಕೆಮ್ಮಿದ್ರೂ ಒಳಗೆ ಕೇಳ್ಸುತ್ತೆ. ಆದ್ರೆ ಹೊಟ್ಟೆ ದಪ್ಪ, ಕಲ್ಲು ಬಂಡೆ ಮೇಲೆ ಹೋದ್ರೆ ಬಡಿಯುತ್ತೆ. ಇದು ಮೇಲ್ಮುಖದ್ದು, ಬಾಗಿಲ ಪಕ್ಕದಿಂದ ಮೇಲಕ್ಕೆ ಹೋಗುತ್ತೆ. ಎದೆಮಟ್ಟ ನೀರಿಗಿಳಿದ್ರೂ ಇಂಜಿನ್ನಿಗೆ ನೀರು ಕುಡ್ಸಲ್ಲ. ಇನ್ನು ಇದು,” ಎಂದು ಮೂರನೆಯದರ ಮೇಲೆ ಕೈಯಾಡಿಸಿದ, “ನೇರ ಪೈಪು. ಒಳಗೆ ತಡೆ ಅನ್ನೋದೇ ಇಲ್ಲ. ಎತ್ತರಕ್ಕೆ ಕೂರುತ್ತೆ, ಕಲ್ಲಿಗೆ ತಾಕಲ್ಲ. ಎಳೆತ ಚೆನ್ನಾಗಿರುತ್ತೆ. ಸದ್ದು ಮಾತ್ರ, ನಿಮ್ಮ ಮಾತು ನಿಮಗೇ ಕೇಳ್ಸಲ್ಲ ಸಾರ್! ತಪಾಸಣೆಗೆ ತುದೀಲಿ ತಿರುಗ್ಸಿ ಹಾಕೋ, ಸದ್ದು ತಗ್ಗಿಸೋ ಬಿರಡೆ ಕೊಡ್ತೀನಿ. ಅವತ್ತೊಂದಿನ ಹಾಕ್ಕೊಳಿ, ಆಮೇಲೆ ತೆಗೆದಿಡಿ. ಯಾವ್ದು ಹಾಕ್ಲಿ?”

“ಮೊದಲನೇದು,” ಎಂದು ಇವನು ತಡಮಾಡದೆ ಹೇಳಿದ. ಹೇಳಿ ಹೆಂಡತಿಯ ಮುಖ ನೋಡಿದ. ಹಿಂದೆ ನಿಂತವರ ಕೆಮ್ಮೂ ಕೇಳಿಸುವಂಥದ್ದು. ಮನೆಗೆ ಹೋಗುವ ದಾರಿಯಲ್ಲಿ ಇಬ್ಬರೂ ಮಾತಾಡಬಹುದು, ಮಾತು ಬಂದರೆ. ಎರಡು ವರ್ಷದಲ್ಲಿ ಮೊದಲ ಸಲ ಅವನೊಳಗೆ ಒಂದು ಸಣ್ಣ ಆಸೆ ತಲೆಯೆತ್ತಿತು: ಹಳೆಯದು ಆ ರಾಶಿಗೆ ಬಿದ್ದರೆ ಸಾಕು, ಇವತ್ತಿನಿಂದ ಬಾಗಿಲಿನ ಕೀಲು ಸರಿಮಾಡುವೆ, ಕೇಳಿದ್ದಕ್ಕೆಲ್ಲ ಓಗೊಡುವೆ, ಮೊದಲಿನ ಹಾಗೆ ಅಲ್ಲದಿದ್ದರೂ ಹೇಗೋ ಒಂದು ಹಾಗೆ ಇರಬಹುದು. ಅಷ್ಟರಲ್ಲಿ ಗಾಡಿ ಮೇಲೇರಿತ್ತು. ಅಂಗಡಿಯವನು ಬೆಂಕಿಯಿಂದ ಬೋಲ್ಟು ಕತ್ತರಿಸಿದ. ಹಳೆಯ ಸೈಲೆನ್ಸರ್ ಧಡಾರನೆ ಅವನ ಕೈಗೆ ಬಂತು.

“ಕೊಡಿ, ನಾನೇ ಆಚೆ ಹಾಕ್ತೀನಿ,” ಎಂದು ಇವನು ಮುಂದೆ ಹೋದ.

“ಬಿಸಿ ಇದೆ ಸಾರ್, ಮುಟ್ಟಬೇಡಿ!” ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ಹೊರಳಿಸಿದ. ಎಲ್ಲ ಕಸುಬುದಾರರಿಗೂ ಇರುವ ಚಟ. ಎಸೆಯುವ ಮುನ್ನ ಒಮ್ಮೆ ರೋಗ ಯಾವುದೆಂದು ನೋಡಬೇಕು. ನೋಡಿದವನು ಹುಬ್ಬು ಗಂಟಿಕ್ಕಿದ. ಕೈಗವಸಿನ ಹೆಬ್ಬೆರಳಿನಿಂದ ತೂತಿನ ಅಂಚು ಸವರಿದ. “ಇದೇನು ಸಾರ್ ಇದು? ಇದು ತುಕ್ಕು ತಿಂದಿದ್ದಲ್ಲ!”

“ಕಲ್ಲು ಬಡಿದಿರಬೇಕು,” ಎಂದ ಇವನು, ಮೆಲ್ಲಗೆ.

“ಆಂ?”

“ಕಲ್ಲು! ಕಲ್ಲು ಬಡಿದಿರಬೇಕು!” ಇವನ ದನಿ ಇಡೀ ಅಂಗಡಿಯಲ್ಲಿ ಮೊಳಗಿತು.

“ಕಲ್ಲು ಬಡಿದ್ರೆ ತಗ್ಗು ಬೀಳುತ್ತೆ ಸಾರ್, ಹರಿಯುತ್ತೆ. ತುಕ್ಕು ಆದ್ರೆ ಒಳಗಿಂದ ತಿಂದ್ಕೊಂಡು ಬರುತ್ತೆ, ಅಂಚು ಹಪ್ಪಳದ ಥರ ಆಗುತ್ತೆ. ಇಲ್ನೋಡಿ, ಅಂಚು ಗಟ್ಟಿಯಾಗಿದೆ, ಒಳಕ್ಕೆ ಮಡಚ್ಕೊಂಡಿದೆ. ಯಾರೋ ಉಳಿ ಇಟ್ಟು ಹೊಡೆದಿದಾರೆ! ಒಂದೇಟು ಜಾರಿದೆ ನೋಡಿ, ಗೆರೆ ಎದ್ದಿದೆ. ಕೈ ನಡುಗ್ತಿತ್ತು ಅಂತ ಕಾಣುತ್ತೆ!” ಅವನು ತನ್ನ ಪತ್ತೆದಾರಿಕೆಗೆ ತಾನೇ ನಕ್ಕ. “ಒಳಗಿನ ತಡೆಗಳೆಲ್ಲ ಸರಿಯಾಗೇ ಇವೆ. ಹೊಡೀದೇ ಇದ್ದಿದ್ರೆ ಇನ್ನೂ ಹತ್ತು ವರ್ಷ ಬರ್ತಿತ್ತು. ಯಾವನೋ ಆಗದವನ ಕೆಲಸ ಸಾರ್!”

ಇವನು ಹೆಂಡತಿಯ ಕಡೆ ತಿರುಗಲಿಲ್ಲ. ತಿರುಗದೆಯೂ ಎಲ್ಲ ಕೇಳಿಸುತ್ತಿತ್ತು: ಸೀಟಿನ ಸ್ಪ್ರಿಂಗು ನರಳಿದ್ದು, ಊರುಗೋಲಿನ ರಬ್ಬರು ಎಣ್ಣೆಯ ನೆಲದಲ್ಲಿ ಒಮ್ಮೆ ಜಾರಿ ನೆಟ್ಟಗಾದದ್ದು, ಒಂದು ಹೆಜ್ಜೆ, ಎಳೆದ ಇನ್ನೊಂದು ಹೆಜ್ಜೆ. ಅವಳು ಬಂದು, “ಕೊಡಿ, ನೋಡೋಣ” ಎಂದಳು. ಅಂಗಡಿಯವನು ಸೈಲೆನ್ಸರಿಗೆ ನೀರು ಸುರಿದು ಆರಿಸಿ ಮೇಜಿನ ಮೇಲಿಟ್ಟ. ಅವಳು ಬಗ್ಗಿ, ತೂತಿನ ಸುತ್ತ ಬೆರಳಾಡಿಸಿ, ಜಾರಿದ ಏಟಿನ ಗೆರೆಯ ಮೇಲೆ ಉಗುರು ಇಟ್ಟಳು. ಮಗುವಿನ ಮಂಡಿ ತರಚಿದ್ದನ್ನು ಮೈದಾನದಲ್ಲಿ ಹೀಗೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬೆರಗೂ ಇರಲಿಲ್ಲ. ಅದೇ ಅವನನ್ನು ಹೆದರಿಸಿತು.

“ಯಾವಾಗ ಹೊಡೆದ್ರಿ? ಮಾರನೇ ದಿನಾನಾ?” ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಪಕ್ಕದಲ್ಲಿದ್ದ ಅಂಗಡಿಯವನಿಗೆ ಅದು ಮುಟ್ಟಲಿಲ್ಲ.

ಅವನು ಮೂಲೆಯ ಗುಜರಿ ರಾಶಿಯ ಕಡೆ ನೋಡಿದ.

“ನಾನು ಅದರ ಹಿಂದೇನೇ ನಿಂತಿದ್ನಲ್ಲ ರೀ. ಇದು ನನ್ನ ಮಂಡಿಗೆ ಸಮನಾಗಿತ್ತು. ನನಗೂ ಕಿವಿ ಇದಾವೆ.”

ಅವನು ಎರಡು ವರ್ಷ ಯಾರ್ಯಾರ ಕಿವಿಯನ್ನೋ ಯೋಚಿಸಿದ್ದ. ಭಾವಮೈದನದು, ಡಾಕ್ಟರದು, ಎದುರುಮನೆಯವರದು, ಆಫೀಸಿನವರದು. ಆ ಬೆಳಿಗ್ಗೆ ಸೈಲೆನ್ಸರಿಗೆ ಎಲ್ಲರಿಗಿಂತ ಹತ್ತಿರ, ಒಂದು ಗೇಣು ದೂರದಲ್ಲಿ ಇದ್ದವಳು ಇವಳೇ ಎಂಬುದು ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ. ಅವಳಿಗೆ ಸುಳ್ಳು ಹೇಳಿ, ಆ ಸುಳ್ಳನ್ನು ನಿಜಮಾಡಲು ಉಳಿ ಹಿಡಿದು ಮಲಗಿದ್ದ; ಹೇಳಿದ ಗಳಿಗೆಯಲ್ಲೇ ಅವಳಿಗೆ ಅದು ಸುಳ್ಳೆಂದು ಗೊತ್ತಿತ್ತು. ಗೊತ್ತಿದ್ದೇ ಕಣ್ಣು ಮುಚ್ಚಿಕೊಂಡಿದ್ದಳು. ಗೊತ್ತಿದ್ದೇ ದಿನವೂ ಅವನಿಗೆ ಊಟ ಬಡಿಸಿದ್ದಳು, ಗುಂಡಿ ಹೊಲಿದುಕೊಟ್ಟಿದ್ದಳು, ಸಂಜೆ ಬೀದಿಯ ತುದಿಯಲ್ಲಿ ಈ ಗುಡುಗು ಕೇಳಿಸಿದಾಗಲೆಲ್ಲ ಎದ್ದು ಬಾಗಿಲು ತೆರೆದಿದ್ದಳು.

“ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?” ಎಂದ. ಕೇಳಿದ ಮೇಲೆ ಆ ಪ್ರಶ್ನೆಯ ನಾಚಿಕೆಗೇಡು ತಿಳಿಯಿತು.

“ನೀವೇ ಹೇಳ್ತೀರ ಅಂತ ಕಾದೆ.”

ಅಂಗಡಿಯವನು ಮೊದಲನೆಯ ಸೈಲೆನ್ಸರ್ ಎತ್ತಿಕೊಂಡು, “ಹಾಗಾದ್ರೆ ಇದನ್ನೇ ಕೂರಿಸ್ಲಾ ಸಾರ್? ತಣ್ಣಗಿರೋದು?” ಎಂದು ಕೂಗಿದ. ಹೂಂ ಎನ್ನಲು ಇವನು ಬಾಯಿ ತೆರೆದ. ಅದಕ್ಕೆ ಮುಂಚೆ ಹೆಂಡತಿ ತಿರುಗಿ, ಎರಡು ವರ್ಷದಿಂದ ಯಾರೂ ಕೇಳದಿದ್ದ ಮೈದಾನದ ದನಿಯಲ್ಲಿ, “ಬೇಡ! ಆ ಕೊನೇದು ಹಾಕಿ! ಸದ್ದಿಂದು!” ಎಂದಳು. ಪಕ್ಕದ ಗ್ಯಾರೇಜಿನಲ್ಲಿ ಸುತ್ತಿಗೆ ನಿಂತಿತು.

“ಅದಾ? ನಿಮಗ್ಯಾಕೆ ಟೀಚರ್ ಅದು? ತಲೆ ಚಿಟ್ಟುಹಿಡಿಯುತ್ತೆ!”

“ಇವ್ರಿಗೆ ಬೇಕು. ಕೇಳಿಸ್ಲಿಲ್ಲ ಅನ್ನೋಕೆ ಒಂದು ಕಾರಣ ಇರ್ಬೇಕಲ್ಲ.”

ಅಂಗಡಿಯವನಿಗೆ ಇದು ಗಂಡ ಹೆಂಡಿರ ತಮಾಷೆಯೆನಿಸಿ ಗಹಗಹಿಸಿ ನಕ್ಕ. ಇವನೂ ನಗಬೇಕೆ ಬೇಡವೆ ತಿಳಿಯದೆ ತುಟಿ ಅಲುಗಿಸಿದ. ಆವತ್ತೂ ಹೀಗೇ ನಕ್ಕಿದ್ದೆ ಎಂದು ನೆನಪಾಗಿ ತುಟಿ ಅಲ್ಲೇ ನಿಂತಿತು. ಬೇಡ, ಅದು ಬೇಡ ಎಂದು ಹೇಳಬಹುದಿತ್ತು. ಅವಳ ಮುಂದೆ ನಿಂತು, ಕೇಳಿಸಿತ್ತು ಕಣೇ, ಎರಡು ಸಲವೂ ಕೇಳಿಸಿತ್ತು ಎನ್ನಬಹುದಿತ್ತು. ಅಂಗಡಿಯವನು ಕಿವುಡ, ಗಾಡಿ ಇನ್ನೂ ಮೇಲಿತ್ತು, ಇಂಜಿನ್ ಆರಿತ್ತು. ಇಷ್ಟು ಮೌನ ಮತ್ತೆ ಸಿಗುವಂತಿರಲಿಲ್ಲ. ಅವನು ಗೋಡೆಗೆ ತೂಗುಹಾಕಿದ ಪೈಪುಗಳನ್ನು ಒಂದೊಂದಾಗಿ ನೋಡುತ್ತ ನಿಂತ. ಬೆಸುಗೆಯ ಕಿಡಿ ಹಾರಿ ನೆಲಕ್ಕೆ ಬಿದ್ದು ಆರುತ್ತಿತ್ತು. ಒಂದು ಗಂಟೆಯಲ್ಲಿ ನೇರ ಪೈಪು ಕೂತಿತು. ಅಂಗಡಿಯವನು ಅಂಗೈಯಗಲದ ಬಿರಡೆಯನ್ನು ಇವನಿಗೆ ಕೊಡಹೋದ. ಹೆಂಡತಿ ಕೈ ಚಾಚಿ ಅದನ್ನು ತಾನೇ ತೆಗೆದುಕೊಂಡು, “ಇದು ನನ್ನ ಹತ್ರ ಇರ್ಲಿ” ಎಂದಳು.

ಕೀಲಿ ತಿರುಗಿಸಿದ. ಹಳೆಯ ಗುಡುಗು ಇದರ ಮುಂದೆ ಪಿಸುಮಾತು. ಸ್ಟಿಯರಿಂಗು, ಕನ್ನಡಿ, ಹಲ್ಲು, ಎಲ್ಲ ಅದುರಿದವು. ಅಂಗಡಿಯವನು ಎರಡೂ ಹೆಬ್ಬೆರಳು ಎತ್ತಿ ತೋರಿಸಿದ. ಗ್ಯಾರೇಜುಗಳ ಸಾಲು ಮುಗಿದು, ಊರಾಚೆಯ ನೀರಿನ ಟ್ಯಾಂಕು ಬಳಸಿ ಹೋಗುವ ದಾರಿ ಬಂತು. ಎಡಕ್ಕೆ ಅವನು ಅಂಗೈಯಂತೆ ಬಲ್ಲ ಪೈಪಿನ ದಾರಿ. ಎಷ್ಟೋ ಸಲ ಇಲ್ಲೇ ಇಂಜಿನ್ ಆರಿಸಿ ಇಳಿದು ನೆಲಕ್ಕೆ ಕಿವಿಗೊಟ್ಟಿದ್ದಾನೆ. ಆಗ ಹೆಂಡತಿ ಮಾತಾಡತೊಡಗಿದಳು.

ಮೊದಲು ಒಂದೆರಡು ಮಾತಿರಬೇಕೆಂದುಕೊಂಡ. ಅವಳು ನಿಲ್ಲಿಸಲಿಲ್ಲ. ಕೂಗಿ ಹೇಳುತ್ತಿರಲಿಲ್ಲ, ಮನೆಯ ಹಜಾರದಲ್ಲಿ ಕೂತು ಹೇಳುವ ಹಾಗೆ, ಎದುರಿನ ಗಾಜು ನೋಡುತ್ತ, ಮಡಿಲಲ್ಲಿದ್ದ ಬಿರಡೆಯನ್ನು ಅತ್ತಿತ್ತ ಹೊರಳಿಸುತ್ತ ಹೇಳುತ್ತಿದ್ದಳು. ಅವಳ ತುಟಿ ಆಡುವುದು ಅವನಿಗೆ ಓರೆಗಣ್ಣಿನಲ್ಲಿ ಕಾಣುತ್ತಿತ್ತು. ಒಮ್ಮೆ ಮಂಡಿಯ ಮೇಲೆ ಕೈಯಿಟ್ಟಳು. ಒಮ್ಮೆ ನಕ್ಕಂತಿತ್ತು. ಒಮ್ಮೆ ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಮುಂದುವರಿಸಿದಳು. ಎರಡು ವರ್ಷದ್ದು, ಬಹುಶಃ ಅದಕ್ಕೂ ಹಿಂದಿನದು, ಎಲ್ಲ ಹೊರಗೆ ಬರುತ್ತಿತ್ತು. ಬೈಯುತ್ತಿದ್ದಾಳೋ, ಕ್ಷಮಿಸುತ್ತಿದ್ದಾಳೋ, ಬಿಟ್ಟುಹೋಗುತ್ತೇನೆ ಎನ್ನುತ್ತಿದ್ದಾಳೋ. ಇಡೀ ಇಲಾಖೆಗೇ ಹೆಸರಾದ ಕಿವಿ ಅವನದು, ಒಂದಕ್ಷರವೂ ಸಿಗಲಿಲ್ಲ.

ಅವನ ಕೈ ಕೀಲಿಯ ಮೇಲೆ ಹೋಯಿತು. ರಸ್ತೆ ಖಾಲಿ ಇತ್ತು. ಬದಿಗೆ ನಿಲ್ಲಿಸಿ, ಕೀಲಿಯನ್ನು ಇಷ್ಟೇ ಇಷ್ಟು ಹಿಂದಕ್ಕೆ ತಿರುಗಿಸಿದರೆ ಸಾಕಿತ್ತು. ಅವಳು ಮಾತು ನಿಲ್ಲಿಸಿ ಅವನ ಕೈಯನ್ನೇ ನೋಡಿದಳು.

ಕೈಯನ್ನು ಗೇರಿನ ಮೇಲೆ ಇಟ್ಟು, ಎದುರಿನ ರಸ್ತೆ ನೋಡುತ್ತ, ಅವನು “ಹೂಂ” ಎಂದ.